ಇಳಿಸಿದ ಶ್ರುತಿ

ಮಂದಾಕಿನಿಯ ಅಪ್ಪನಿಗೆ ನೆಗಡಿಯಾದರೆ ಊರಿನಲ್ಲಿದ್ದ, ಅವರು ಹಾಡಿದ ರೆಕಾರ್ಡುಗಳೆಲ್ಲ ಮೂಗಿನಲ್ಲಿ ಹಾಡುತ್ತಿದ್ದವು. ಹಾಗಾಗಿ ಚಳಿಗಾಲದಲ್ಲಿ ಯಾರೂ ಅವನ್ನು ಕೊಳ್ಳುತ್ತಿರಲಿಲ್ಲ. ತೀರಿಕೊಂಡ ಗಾಯಕರ ರೆಕಾರ್ಡುಗಳಲ್ಲಿ ಬರೀ ಪಕ್ಕವಾದ್ಯ ಉಳಿಯುತ್ತಿತ್ತು.

ಅಪ್ಪನ ಗಂಟಲಿನ ಆಪರೇಷನ್ ಆಗಿ ಇವತ್ತಿಗೆ ನಾಲ್ಕು ದಿನ. ಆಸ್ಪತ್ರೆಯಲ್ಲಿ ಒಳಗೆ ಯಾರನ್ನೂ ಬಿಡುತ್ತಿಲ್ಲ, ಡಾಕ್ಟರು ‘ನೋಡೋಣ’ ಎಂದಷ್ಟೇ ಹೇಳುತ್ತಾರೆ. ಮಂದಾಕಿನಿ ಬೆಳಗಿನ ಕಾಫಿಗೂ ಮುಂಚೆ, ಅಪ್ಪ ಮೂವತ್ತು ವರ್ಷದ ಹಿಂದೆ ಹಾಡಿದ ತೋಡಿ ರಾಗದ ರೆಕಾರ್ಡಿನ ಮೇಲೆ ಮುಳ್ಳಿಟ್ಟಳು. ಎದುರಿಗೆ ಚೆಲುವರಾಯ ಮಾಮ ಕೂತಿದ್ದರು. ಅದರಲ್ಲಿ ಪಿಟೀಲು ನುಡಿಸಿದವರು ಅವರೇ.

ಅಪ್ಪ ಹಾಡಬೇಕಾದ ಕಡೆಯೆಲ್ಲ ಖಾಲಿ. ರೆಕಾರ್ಡಿನ ಪಿಟೀಲು ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಾ ಕಾಯುತ್ತಿತ್ತು.

“ನಿನ್ನೇನೂ ಹೀಗೇ ಇತ್ತು, ಮಾಮ.”

“ಕಛೇರಿಗೂ ಅವನು ತಡವಾಗೇ ಬರ್ತಿದ್ದ ಕಣಮ್ಮ. ತೆಗೀಬೇಡ, ಇರ್ಲಿ.”

ರೆಕಾರ್ಡಿನ ಆ ಮಗ್ಗುಲು ಮುಗಿಯುತ್ತಾ ಬಂದಾಗ ಯಾರೋ ಕೆಮ್ಮಿದರು. ಮಂದಾಕಿನಿ ಮಾಮನ ಮುಖ ನೋಡಿದಳು. ತಾನಲ್ಲವೆಂದು ಅವರು ತಲೆಯಾಡಿಸಿದರು. ಆಮೇಲೆ ಷಡ್ಜ ಕೇಳಿಸಿತು. ದನಿ ಒರಟಾಗಿತ್ತು, ಹಳೆಯ ಶ್ರುತಿಗಿಂತ ಎಷ್ಟೋ ಕೆಳಗಿತ್ತು, ಆದರೆ ಅಲುಗಾಡಲಿಲ್ಲ.

“ಶ್ರುತಿ ಇಳಿದುಹೋಗಿದೆ,” ಎಂದಳು ಮಂದಾಕಿನಿ, ಕಣ್ಣೊರೆಸಿಕೊಂಡು ನಗುತ್ತಾ.

“ಇಳಿದ್ರೆ ಇಳೀಲಿ. ನಾವಿರೋದ್ಯಾಕೆ?”

ರೆಕಾರ್ಡಿನೊಳಗೆ ಪಿಟೀಲು ನಿಂತಿತು. ತಂತಿ ಬಿಗಿಯುವ ಬಿರಡೆ ತಿರುಗಿದ ಸದ್ದಾಯಿತು. ನಾಲ್ಕು ತಂತಿಗಳೂ ಒಂದೊಂದಾಗಿ ಅಪ್ಪನ ಷಡ್ಜಕ್ಕೆ ತಕ್ಕಂತೆ ಇಳಿದವು.