ದಂಡೆಯ ಮೇಲಿನ ಹೆಂಗಸರು

"ಇನ್ನೊಬ್ಬಳಾಗಿ ಚಿಕ್ಕಕ್ಕಾ," ಎಂದ ರೆಕಾರ್ಡಿಸ್ಟ್, ಗಾಜಿನ ಆಚೆಯಿಂದ. "ಈ ಸಲ ಸ್ವಲ್ಪ ವಯಸ್ಸಾದವಳು. ಮೈಕಿಂದ ಒಂಚೂರು ಹಿಂದೆ ನಿಂತ್ಕೊಳ್ಳಿ."

ಚಿಕ್ಕಕ್ಕ ಹಿಂದೆ ಸರಿದು, ಗಂಟಲು ಒರಟು ಮಾಡಿಕೊಂಡು, ವಯಸ್ಸಾದವಳಾದಳು. ಹಾಡು ದೋಣಿಯದು. ಗಾಯಕ ಹೊಳೆಯ ನಡುವಿನಿಂದ ಹಾಡುತ್ತಾನೆ. ದಂಡೆಯಲ್ಲಿ ನಿಂತ ಹೆಂಗಸರ ಗುಂಪು 'ಬೇಗ ಬಾ, ಬೆಳಕಿರುವಾಗಲೇ ಬಾ' ಎಂದು ಕರೆಯಬೇಕು. ಗುಂಪೆಂದರೆ ಈಗ ಚಿಕ್ಕಕ್ಕ ಒಬ್ಬಳೇ. ಒಂದೊಂದು ಸಲ ಒಂದೊಂದು ದನಿಯಲ್ಲಿ ಹಾಡುತ್ತಾಳೆ, ರೆಕಾರ್ಡಿಸ್ಟ್ ಒಂದರ ಮೇಲೊಂದು ಪೇರಿಸುತ್ತಾನೆ. ಆಲ್ಬಮ್ಮಿಗೆ ಹೆಸರು ಹಾಕುವಾಗ 'ಮತ್ತು ಸಂಗಡಿಗರು' ಎಂದು ಬರೆಯುತ್ತಾರೆ. ಆ ಸಂಗಡಿಗರಿಗೆಲ್ಲ ಸೇರಿ ಒಂದೇ ಲೋಟ ಟೀ ಸಾಕಾಗುತ್ತದೆ.

ಆಗಲೇ ಹಾಡಿ ಮುಗಿಸಿದವರೆಲ್ಲ ಹೆಡ್‌ಫೋನಿನೊಳಗೆ ಅವಳ ಸುತ್ತ ನಿಂತಿದ್ದರು. ಬಲಕ್ಕೊಬ್ಬಳು ಹುಡುಗಿ, ಅವಳ ಹಿಂದೆ ಮೂಗಿನಲ್ಲಿ ಹಾಡುವ ಯಾರದೋ ಅತ್ತೆ. ಕಣ್ಣು ಮುಚ್ಚಿದರೆ ಸಾಕು, ಗೋಡೆಗೆ ಹೊಡೆದ ಸ್ಪಂಜು ಮಂಜಾಗಿ ಕರಗುತ್ತಿತ್ತು, ಪಾದದಡಿಯ ಕಾರ್ಪೆಟ್ಟು ತೇವದ ಮರಳಾಗುತ್ತಿತ್ತು.

"ಎಡಗಡೆ ಖಾಲಿ ಖಾಲಿ ಅನ್ನಿಸ್ತಿದೆ. ಅಲ್ಲೊಂದು ತುಂಬು ದನಿ ಬೇಕು."

ಎಡಗಡೆ ಯಾವತ್ತೂ ದೊಡ್ಡಕ್ಕನದು. ಒಡಹುಟ್ಟಿದ ಅಕ್ಕ. ಇಬ್ಬರೂ ಒಂದೇ ಮೈಕಿನ ಮುಂದೆ ನಿಂತು ತಲೆ ನರೆಯುವವರೆಗೆ ಹಾಡಿದವರು. ಸ್ಟುಡಿಯೋದಲ್ಲಿ ಪಿಟೀಲು ನುಡಿಸುವ ತಾತ ಕೂಡ ಅವರನ್ನು ದೊಡ್ಡಕ್ಕ, ಚಿಕ್ಕಕ್ಕ ಎಂದೇ ಕರೆಯುತ್ತಿದ್ದ. ಕಳೆದ ವರ್ಷ ದೊಡ್ಡಕ್ಕನಿಗೆ ಗಂಟಲಿನ ಆಪರೇಷನ್ ಆಯಿತು. ಅಕ್ಕ ಉಳಿದಳು, ದನಿ ಉಳಿಯಲಿಲ್ಲ. ಅಂದಿನಿಂದ ಮನೆಯಲ್ಲಿ ಹಾಡಿನ ಸುದ್ದಿಯೇ ಇಲ್ಲ. ಪಾತ್ರೆ ತೊಳೆಯುವಾಗ ತಂಗಿ ಮೈಮರೆತು ಗುನುಗಿದರೂ ಸಾಕು, ಅಕ್ಕ ಎದ್ದುಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಅಕ್ಕನನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದ್ದರೆ ಬೇಡ ಎನ್ನುತ್ತಿದ್ದಳು. ಚಿಕ್ಕಕ್ಕ ಕೇಳದೆಯೇ ಅಕ್ಕನ ದನಿಯಲ್ಲಿ ಹಾಡಿಬಿಟ್ಟಳು. ಅದೇ ತೂಕ, ಪದದ ಕೊನೆಯನ್ನು ಮಲಗಿದ ಮಗುವಿನಂತೆ ಕೆಳಗಿಳಿಸುವ ಅದೇ ನಿಧಾನ. ಗಾಜಿನಾಚೆ ರೆಕಾರ್ಡಿಸ್ಟ್ ಕುರ್ಚಿಯಿಂದ ಅರ್ಧ ಎದ್ದವನು ಮತ್ತೆ ಕೂತ.

ಮುಂದಿನ ದನಿಗೆಂದು ಹಾಡು ಮತ್ತೆ ಶುರುವಾಯಿತು. ದಂಡೆಯ ಹೆಂಗಸರೆಲ್ಲ ಕರೆದರು. ಚಿಕ್ಕಕ್ಕ ಮಾತ್ರ ಸುಮ್ಮನೆ ನಿಂತಿದ್ದಳು.

"ಯಾಕೆ, ಹಾಡು ಎತ್ಕೊಳ್ಳಲೇ ಇಲ್ಲ?" ಎಂದ ರೆಕಾರ್ಡಿಸ್ಟ್.

"ಅಕ್ಕ ಮೊಣಕೈ ಮುಟ್ಟಲಿಲ್ಲ," ಎಂದುಬಿಟ್ಟಳು.

ಹಾಡಿಗೆ ಎಲ್ಲಿ ಸೇರಬೇಕೆಂದು ಅಕ್ಕ ಬೆರಳಿನಿಂದ ತಂಗಿಯ ಮೊಣಕೈ ಮುಟ್ಟಿ ಹೇಳುತ್ತಿದ್ದಳು. ಒಂದು ವರ್ಷದಿಂದ ಚಿಕ್ಕಕ್ಕ ತಾಳ ಎಣಿಸಿಕೊಂಡೇ ಸೇರುತ್ತಿದ್ದಳು. ಈಗ ಎಡಕ್ಕೆ ಅಕ್ಕನೇ ಬಂದು ನಿಂತಮೇಲೆ ಎಣಿಸುವುದು ಮರೆತೇಹೋಗಿತ್ತು.

ಬಿಡುಗಡೆಯಾದ ವಾರದಲ್ಲೇ ಹಾಡು ಊರೆಲ್ಲ ಹಬ್ಬಿತು. ಬಸ್ಸಿನಲ್ಲಿ ಅದೇ, ಇಸ್ತ್ರಿ ಅಂಗಡಿಯಲ್ಲಿ ಅದೇ. ಚಿಕ್ಕಕ್ಕ ಕದ್ದ ಮಾಲು ಬಚ್ಚಿಟ್ಟವಳ ಹಾಗೆ ಮನೆಯ ಕಿಟಕಿಗಳನ್ನು ಮುಚ್ಚುತ್ತ ಓಡಾಡಿದಳು. ಹಾಡಿಗೆ ಕಿಟಕಿ ಯಾವ ಲೆಕ್ಕ? ಒಂದು ಸಂಜೆ ಕೆಳಗಿನ ಮನೆಯಿಂದ ನೆಲವನ್ನೇ ದಾಟಿಕೊಂಡು ಮೇಲೆ ಬಂತು. ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ಕೈ ನಿಂತಿತು. ಎದ್ದುಹೋಗಲಿಲ್ಲ, ಕೊನೆಯವರೆಗೂ ಕೇಳಿದಳು.

"ಆ ತುಂಬು ದನಿಯವಳು ಯಾರೇ?" ಎಂದಳು. ಈಗ ಅವಳದು ಬರೀ ಪಿಸುಮಾತು.

"ಯಾರೂ ಇಲ್ಲ ಅಕ್ಕಾ. ಎಲ್ಲಾ ನಾನೇ..."

"ಬಾಯ್ಮುಚ್ಚೇ. ನಿನ್ನ ಗಂಟಲು ನನಗೆ ಗೊತ್ತಿಲ್ವಾ?"

ಚಿಕ್ಕಕ್ಕ ತಲೆ ತಗ್ಗಿಸಿ ಬೈಗುಳಕ್ಕೆ ಕಾದಳು. ಇಳಿಬೆಳಕಿಗೆ ಕೋಣೆಯ ನೆಲ ನಿಂತ ನೀರಿನಂತೆ ಕಾಣುತ್ತಿತ್ತು.

ಅಕ್ಕ ಅರ್ಧ ಮಡಿಸಿದ ಟವೆಲನ್ನು ಕೊಡವಿ, ಮೊದಲಿಂದ ಮಡಿಸತೊಡಗಿದಳು.

"ಪರವಾಗಿಲ್ಲ, ಹಾಡ್ತಾಳೆ. ಆದ್ರೆ 'ಬೆಳಕಿರುವಾಗಲೇ' ಅನ್ನೋ ಕಡೆ ನಡುವೆ ಉಸಿರು ತಗೊಂಡುಬಿಟ್ಲು. ಮುಂದಿನ ಸಲ ಸ್ಟುಡಿಯೋಗೆ ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗು. ಪಾಪ, ಅವಳಿಗೆ ಹೇಳ್ಕೊಡೋರು ಯಾರೂ ಇಲ್ಲ ಅನ್ಸುತ್ತೆ."