ಆಗಸ್ಟ್‌ನಲ್ಲಿ ಬಂದ ನವೆಂಬರ್ ಹಬ್ಬ

ಅಳಿಯ ಕರ್ಟಿಸ್ ಟರ್ಕಿ ಕೋಳಿಗೆ ಬೆಣ್ಣೆ ಸವರುವುದನ್ನು ಕಂಡಾಗಲೇ, ತಾನು ಇನ್ನು ಹೆಚ್ಚು ದಿನ ಬದುಕುವುದಿಲ್ಲವೆಂದು ಆರ್ವಿಡ್‌ಗೆ ಖಾತ್ರಿಯಾಯಿತು.

ಹೊರಗೆ ಆಗಸ್ಟ್ ತಿಂಗಳ ಬಿಸಿಲು. ಟರ್ಕಿ ಬೇಯಿಸುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇನ್ನೂ ಮೂರು ತಿಂಗಳಿತ್ತು. ನವೆಂಬರಿನ ನಾಲ್ಕನೆಯ ಗುರುವಾರ ಬಿಟ್ಟು ಬೇರೆ ದಿನ ಈ ಮನೆಯಲ್ಲಿ ಆ ಹಬ್ಬ ನಡೆದದ್ದೇ ಇಲ್ಲ. ಹೆಂಡತಿ ಇಂಗ್ರಿಡ್ ತೀರಿಕೊಂಡ ವರ್ಷವೂ ಅದು ತಪ್ಪಿರಲಿಲ್ಲ.

"ನವೆಂಬರಲ್ಲಿ ನಂಗೆ ರಜಾ ಸಿಗಲ್ಲಪ್ಪಾ. ಅದಕ್ಕೇ ಈಗ್ಲೇ ಮಾಡ್ಬಿಡೋಣ ಅಂತ," ಎಂದು ಮಗ ನೆಲ್ಸ್ ಫೋನಿನಲ್ಲಿ ಹೇಳಿದ್ದ. ನೆಲ್ಸ್‌ಗೆ ಚಿಕ್ಕಂದಿನಿಂದಲೂ ಸುಳ್ಳು ಹೇಳಲು ಬಾರದು. ಮಾತು ಮಾತಿಗೂ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

ಆರ್ವಿಡ್ ಜುಲೈ ತಿಂಗಳನ್ನು ನೆನೆದುಕೊಂಡ. ಮಗಳು ಮಾರಿಟ್, ತಲೆಗೊಂದು ಹೂವಿನ ಸ್ಕಾರ್ಫ್ ಕಟ್ಟಿಕೊಂಡು ಕಾರು ಓಡಿಸುತ್ತಾ, ಅವನನ್ನು ತನ್ನೂರಿನ ದೊಡ್ಡ ಆಸ್ಪತ್ರೆಗೆ ಹೃದಯದ ತಪಾಸಣೆಗೆ ಕರೆದೊಯ್ದಿದ್ದಳು. ಎಲ್ಲ ಮುಗಿದ ಮೇಲೆ, "ಕಾಫಿ ಕುಡೀತಾ ಕೂತಿರಪ್ಪಾ, ಬಂದೆ," ಎಂದು ಮೇಲಿನ ಮಹಡಿಗೆ ಹೋದವಳು ಮುಕ್ಕಾಲು ಗಂಟೆ ಬಿಟ್ಟು ಇಳಿದುಬಂದಳು. ಕಣ್ಣು ಕೆಂಪಗಿದ್ದವು. "ನಿನ್ನ ಹೃದಯ ಗಟ್ಟಿಮುಟ್ಟಾಗಿದೆಯಂತೆ," ಎಂದು ನಕ್ಕಳು. ಅದಾದ ಐದನೇ ವಾರಕ್ಕೇ ಹಬ್ಬ. ಇಷ್ಟೂ ತಿಳಿಯದಿರಲು ಅವನೇನು ಹಸುಗೂಸೇ?

ಹೋಗಲಿ. ಎಪ್ಪತ್ತೊಂಬತ್ತು ಕಡಿಮೆಯೇನಲ್ಲ. ಸಾವಿಗೆ ಅವನು ಹೆದರಿರಲಿಲ್ಲ. ಊಟದ ನಡುವೆ ಅತ್ತುಬಿಡುತ್ತೇನೆಂದು ಹೆದರಿದ್ದ. ಮಕ್ಕಳು ಇಷ್ಟು ಕಷ್ಟಪಟ್ಟು ಆಡುತ್ತಿರುವ ನಾಟಕ ತನ್ನಿಂದ ಕೆಡಬಾರದು. ಒಂದೇ ಒಂದು ಕೆಲಸ ಬಾಕಿಯಿತ್ತು. ಟರ್ಕಿಯನ್ನು ಹೋಳು ಮಾಡುವ ಚಾಕುವನ್ನು ಮಾರಿಟ್ ಕೈಗೆ ದಾಟಿಸಬೇಕು. ಅವನ ಅಪ್ಪ ತನ್ನ ಕೊನೆಯ ಹಬ್ಬದ ದಿನ ಅದನ್ನು ಅವನಿಗೆ ಕೊಟ್ಟಿದ್ದು ಹಾಗೆಯೇ.

ಮೇಜಿನ ಸುತ್ತ ಎಲ್ಲರ ತಲೆಯ ಮೇಲೂ ಕೆಂಪು ಉಣ್ಣೆಯ ಟೋಪಿ. ಇಂಗ್ರಿಡ್ ಮನೆಮಂದಿಗೆಲ್ಲ ಹೆಣೆದುಕೊಟ್ಟವು. ಹಬ್ಬದೂಟಕ್ಕೆ ಅವನ್ನು ಹಾಕಿಕೊಂಡೇ ಕೂರಬೇಕು. ಮಾರಿಟ್‌ಳ ಮಗಳು, ಹದಿನಾರರ ಟೆಸ್‌ಗೆ ಮಾತ್ರ ಟೋಪಿಯಿಲ್ಲ. ಅವಳು ಹುಟ್ಟುವ ಮೊದಲೇ ಅಜ್ಜಿ ಹೋಗಿದ್ದಳು. "ನಾನೇನು ಈ ಮನೆಗೆ ಬಾಡಿಗೆಗೆ ಬಂದವ್ಳಾ?" ಎಂದು ಪ್ರತಿವರ್ಷ ಜಗಳ ತೆಗೆಯುವ ಹುಡುಗಿ ಈ ಸಲ ಸುಮ್ಮನಿದ್ದಳು. ಪಾಪ, ಅವಳಿಗೂ ಹೇಳಿಬಿಟ್ಟಿದ್ದಾರೆ ಎಂದುಕೊಂಡ ಆರ್ವಿಡ್.

ಐದು ನಿಮಿಷಕ್ಕೇ ನೆಲ್ಸ್ ಟೋಪಿ ಕಿತ್ತ. "ಅಮ್ಮ ಕ್ಷಮಿಸ್ಲಿ, ತಲೆ ಬೆಂದುಹೋಗ್ತಿದೆ." ಕರ್ಟಿಸ್ ಕೂಡ ತೆಗೆದ. ಕೊನೆಗೆ ಆರ್ವಿಡ್‌ನದೂ ಇಳಿಯಿತು. ಮಾರಿಟ್ ತೆಗೆಯಲಿಲ್ಲ. ತಾಯಿಯ ಹಾಗೇ ಹಟಮಾರಿ. ಅಡುಗೆಯ ಕಡೆ ಕೂಡ ಹೋಗದೆ, ಅಪ್ಪನ ಪಕ್ಕದ ಕುರ್ಚಿಗೇ ಅಂಟಿಕೊಂಡು ಕಾವಲು ಕೂತಿದ್ದಳು.

"ಬೆಣ್ಣೆ ತಣ್ಣಗೇ ಇರ್ಬೇಕು ಕಣೇ, ಇಲ್ದಿದ್ರೆ ಪೈ ಹಿಟ್ಟು ಹಾಳಾಗುತ್ತೆ. ಬರ್ಕೊಂಡ್ಯಾ?"

"ಎರಡು ಸಲ ಬರ್ಕೊಂಡೆ ಅಮ್ಮಾ," ಎಂದಳು ಟೆಸ್, ತಲೆಯೆತ್ತದೆ.

ಮೇಜಿಗೆ ಡಬ್ಬಿಯ ಕ್ರ್ಯಾನ್‌ಬೆರಿ ಹಣ್ಣಿನ ಗೊಜ್ಜು ಬಂತು. ಆರ್ವಿಡ್ ವಿಸ್ಕಾನ್ಸಿನ್ನಿನ ಕ್ರ್ಯಾನ್‌ಬೆರಿ ಗದ್ದೆಗಳಲ್ಲಿ ಮೂವತ್ತು ವರ್ಷ ಮೊಣಕಾಲುದ್ದ ನೀರಲ್ಲಿ ನಿಂತು ದುಡಿದವನು. ಮರ್ಯಾದೆ ಹೋದಂತಾಯಿತು.

"ಡಬ್ಬಿದಾ? ನನ್ನ ಮನೇಲಿ?"

"ಗಿಡದಲ್ಲಿ ಇನ್ನೂ ಕಾಯಿ ಅಪ್ಪಾ," ಎಂದಳು ಮಾರಿಟ್.

"ಹಣ್ಣಾಗೋವರೆಗೆ ಕಾಯಬಹುದಿತ್ತು."

ಅಂದದ್ದೇ ನಾಲಿಗೆ ಕಚ್ಚಿಕೊಂಡ. ಎಲ್ಲರೂ ತಂತಮ್ಮ ತಟ್ಟೆ ನೋಡತೊಡಗಿದರು.

"ಕಾಯೋ ಹಾಗಿರ್ಲಿಲ್ಲಪ್ಪಾ," ಎಂದಳು ಮಾರಿಟ್ ಮೆಲ್ಲಗೆ.

ಕೃತಜ್ಞತೆ ಹೇಳುವ ಸರದಿ ಶುರುವಾಯಿತು. ಒಬ್ಬೊಬ್ಬರೂ ಒಂದೊಂದು ಹೇಳಬೇಕು. ನೆಲ್ಸ್, "ಅಕ್ಕ ನಂಗೆ ಸೈಕಲ್ ಕಲಿಸಿದ್ದಕ್ಕೆ," ಎಂದವನು ಗಟಗಟನೆ ನೀರು ಕುಡಿದ. ಅಪ್ಪನ ಹೆಸರೆತ್ತಿದರೆ ಅಳು ಬರುತ್ತದೆಂದು ಅಕ್ಕನ ನೆಪ ಹಿಡಿದಿದ್ದಾನೆ, ಪೆದ್ದ. ಕರ್ಟಿಸ್ ಏನೋ ಗೊಣಗಿದ, ಯಾರಿಗೂ ಕೇಳಿಸಲಿಲ್ಲ. ಟೆಸ್ ತಲೆಯಾಡಿಸಿಬಿಟ್ಟಳು. ಮಾರಿಟ್, "ಅಪ್ಪ ನನ್ನ ಪಕ್ಕದಲ್ಲಿ ಕೂತಿರೋದಕ್ಕೆ," ಎಂದಳು. ಇವಳನ್ನು ಬಿಟ್ಟು ಹೇಗೆ ಹೋಗುವುದು?

ಆರ್ವಿಡ್ ಎದ್ದು ನಿಂತ. ಚಾಕುವಿನ ಹಿಡಿಯನ್ನು ಮಗಳತ್ತ ತಿರುಗಿಸಿದ.

"ಇದು ನನ್ನಪ್ಪಂದು. ಮುಂದಿನ ವರ್ಷದಿಂದ ನೀನು ಕತ್ತರಿಸ್ಬೇಕು ಕಣಮ್ಮಾ. ಇವತ್ತೇ ಶುರುಮಾಡು."

ಧ್ವನಿ ನಡುಗಲಿಲ್ಲ. ತನ್ನ ಬಗ್ಗೆ ತನಗೇ ಹೆಮ್ಮೆಯಾಯಿತು.

ನೆಲ್ಸ್ ಕುರ್ಚಿ ಸರಿಸಿ ಎದ್ದು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿಬಿಟ್ಟ. ಮಾರಿಟ್ ಚಾಕು ತೆಗೆದುಕೊಂಡಳು. ಒಂದು ಕ್ಷಣ ಎರಡೂ ಕೈಯಲ್ಲಿ ಹಿಡಿದಿದ್ದು, ಟೆಸ್‌ಳ ಅಂಗೈಗೆ ಇಟ್ಟು, ಬೆರಳುಗಳನ್ನು ತಾನೇ ಮಡಿಸಿದಳು.

"ಎದೆ ಮೂಳೆ ಪಕ್ಕದಿಂದ ಶುರುಮಾಡು. ನಿಧಾನ."

"ನಾನು ಕೊಟ್ಟಿದ್ದು ನಿಂಗೆ," ಎಂದ ಆರ್ವಿಡ್.

"ಗೊತ್ತಪ್ಪಾ." ಅವಳು ಅವನ ಕೈ ಹಿಡಿದುಕೊಂಡಳು. ಆ ಸೆಕೆಯಲ್ಲೂ ಅವಳ ಬೆರಳು ತಣ್ಣಗಿದ್ದವು. "ನಿನ್ನ ಹೃದಯ ಗಟ್ಟಿಯಾಗಿದೆ ಅಂತ ಜುಲೈನಲ್ಲಿ ಹೇಳಿದ್ನಲ್ಲ, ಅದು ಸುಳ್ಳಲ್ಲ."

ಆಮೇಲೆ ಅಮ್ಮ ಹೆಣೆದ ಟೋಪಿಯನ್ನು ತೆಗೆದು, ಮಗಳ ತಲೆಗೆ ಹಾಕಿ, ಕಿವಿ ಮುಚ್ಚುವಂತೆ ಕೆಳಗೆಳೆದಳು. "ಇಷ್ಟು ವರ್ಷ ಜಗಳ ಆಡಿದ್ಯಲ್ಲ, ತಗೋ. ಇನ್ಮೇಲೆ ಇದು ನಿಂದೇ."

ಮಾರಿಟ್‌ಳ ತಲೆಯ ಮೇಲೆ ಒಂದೇ ಒಂದು ಕೂದಲೂ ಇರಲಿಲ್ಲ.