ಅಳಿಯನ ಉಕ್ಕಿನ ಮುಖ

“ಒಳಗೆ ಹೋಗಾ ಮಾರಾಯಾ! ನಿನ್ನ ಮುಖ ಕಂಡೇ ನನ್ನ ಬಲೆ ಬರಿದಾದ್ದು!”

ಹಮ್ಮ ಹೆಗಲ ಟವೆಲಿನಿಂದ ಕಣ್ಣು ಮುಚ್ಚಿಕೊಂಡ. ಎದುರಿಗೆ ಬಾಯಲ್ಲಿ ಬ್ರಷ್ ಕಚ್ಚಿ ನಿಂತಿದ್ದವನು ಅಳಿಯ ಲೋಕೇಶ. ಬೋಟಿಗೆ ಹೊರಡುವಾಗ ಮೊದಲು ಕಂಡ ಮುಖ ಸರಿಯಿಲ್ಲದಿದ್ದರೆ ಮೀನು ಸಿಗುವುದಿಲ್ಲ ಎಂಬುದು ಹಮ್ಮನ ನಂಬಿಕೆ. ಈ ವಾರವಿಡೀ ಮೀನಿರಲಿಲ್ಲ. ಕಂಡದ್ದೆಲ್ಲ ಲೋಕೇಶನ ಮುಖ.

ಹಮ್ಮನ ಮಗಳು ಕಲ್ಪನಾ ಹೆರಿಗೆಗೆಂದು ಮಂಕಿಯ ತವರಿಗೆ ಬಂದಿದ್ದಳು. ಕುಮಟಾದ ತನ್ನ ಫೋಟೋ ಸ್ಟುಡಿಯೋಗೆ ಬೀಗ ಜಡಿದು ಗಂಡ ಲೋಕೇಶನೂ ಹಿಂದೆಯೇ ಬಂದಿದ್ದ. ಅವಳ ಕಾಲು ಊದಿ ನಿದ್ದೆ ಬಾರದು. ಬೆಳಗಿನ ಜಾವದವರೆಗೂ ಒತ್ತುತ್ತ ಕೂರುವವನು ಅವನೇ.

“ನಾಳೆಯೂ ಬಲೆ ಬರಿದಾದ್ರೆ ಇವ ಕುಮಟೆಗೆ ಹೋಗ್ಲಿ. ಮಗು ಹುಟ್ಟಿದ ಮೇಲೆ ಬರ್ಲಿ,” ಎಂದ ಹಮ್ಮ.

ಕಲ್ಪನಾಳ ಕಣ್ಣು ತುಂಬಿತು.

“ನಾ ಕೋಣೆಯಿಂದ ಹೊರಗೇ ಬರೂದಿಲ್ಲ ಮಾವ,” ಎಂದ ಲೋಕೇಶ.

“ಅಡಗಿ ಕೂತ ಶಕುನ ಬೆನ್ನಿಗೆ ಬಡೀತದೆ. ಎದುರಿಗೇ ಇರ್ಬೇಕು. ಮುಖ ಮಾತ್ರ ಕಾಣೂಕಾಗ.”

“ಮುಖ ಮುಚ್ಚಿದ್ರೆ ಆತಲ್ಲ?” ಎಂದಳು ಹಮ್ಮನ ಹೆಂಡತಿ ತಿಮ್ಮಿ.

ಸಂಜೆ ಲೋಕೇಶ ಸ್ಟುಡಿಯೋದಿಂದ ಉಕ್ಕಿನ ಶಿರಸ್ತ್ರಾಣ ತಂದ. ಹಿಂದಿನ ಕಾಲದಲ್ಲಿ ಪರದೇಶದ ಕುದುರೆ ಸವಾರರು ಯುದ್ಧಕ್ಕೆ ತೊಡುತ್ತಿದ್ದಂಥದ್ದರ ನಕಲು. ಗಿರಾಕಿಗಳು ಹಾಕಿಕೊಂಡು ಫೋಟೋ ಹೊಡೆಸಿಕೊಳ್ಳಲೆಂದು ಇಟ್ಟದ್ದು. ಕುತ್ತಿಗೆಯವರೆಗೂ ಮುಚ್ಚುತ್ತದೆ. ಕಣ್ಣಿಗೊಂದು ಸೀಳು, ಉಸಿರಿಗೆ ನಾಲ್ಕಾರು ತೂತು.

ಮರುದಿನ ಹಮ್ಮ ಎದ್ದು ಬಂದಾಗ ಜಗಲಿಯ ಮೂಲೆಯಲ್ಲಿ ಕಂಬಳಿ ಹೊದ್ದ ಶಿರಸ್ತ್ರಾಣ ಕೂತಿತ್ತು. ಒಲೆ ಹೊತ್ತಿರಲಿಲ್ಲ. ಹಮ್ಮ ಗೊಣಗುತ್ತ ಹೊರಟ.

ಸಂಜೆ ಬೋಟಿನ ತುಂಬ ಬಂಗಡೆ ಮೀನು! ಅದರ ಮರುದಿನವೂ ಬಂಗಡೆಯೇ. ಹಮ್ಮ ಶಿರಸ್ತ್ರಾಣದ ನೆತ್ತಿಯ ಮೇಲೊಂದು ದಾಸವಾಳ ಇಟ್ಟ. ಸಲುಗೆಯೂ ಬೆಳೆಯಿತು.

“ಅಳಿಯಾ, ನಿನ್ನತ್ತೆಗೆ ಹೇಳ್ಬೇಡ. ಅವಳ ಮೀನು ಸಾರು ಬಾಯಿಗಿಡೂಕಾಗ. ನಮ್ಮ ಬೋಟಿನ ಸುಬ್ಬ ಮಾಡ್ತನಲ್ಲ, ಅದು ಸಾರು!”

ಶಿರಸ್ತ್ರಾಣ ಒಮ್ಮೆ ನಡುಗಿತು. ದಾಸವಾಳ ಕೆಳಗೆ ಬಿತ್ತು.

ಅಂದಿನ ರಾತ್ರಿಯೂಟದ ಸಾರಿಗೆ ಉಪ್ಪೇ ಇರಲಿಲ್ಲ.

“ಬೇಕಾದ್ರೆ ಕಡಲಲ್ಲಿ ಅದ್ದಿ ತಿನ್ನಿ,” ಎಂದಳು ತಿಮ್ಮಿ.

ಬೆಳಿಗ್ಗೆ ಹಮ್ಮ ಶಿರಸ್ತ್ರಾಣದ ಸೀಳಿಗೆ ಬಾಯಿಟ್ಟು ಕೇಳಿದ: “ಹೇಳಿಬಿಟ್ಯಾ?”

ಶಿರಸ್ತ್ರಾಣ ಅತ್ತಿತ್ತ ಆಡಿತು. ಇಲ್ಲ.

“ಹಾಗಾದ್ರೆ ಇದನ್ನೂ ಹೇಳ್ಬೇಡ. ಅವಳಿಗೆ ವಯಸ್ಸಾತು. ನಾ ಹೊರಡೂ ಹೊತ್ತಿಗೆ ಒಂದು ಲೋಟ ಚಾ ಇಲ್ಲ. ಹೊತ್ತು ಏರೂವರೆಗೆ ಗೊರಕೆ!”

ಅಂದು ಸಂಜೆ ಹಮ್ಮನ ಹಾಸಿಗೆ ಕೋಳಿಗೂಡಿನ ಪಕ್ಕದಲ್ಲಿತ್ತು. ಏಕೆಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಬೋಟು ಮಾತ್ರ ಅಂದೂ ತುಂಬಿಯೇ ಬಂದಿತ್ತು.

ಮರುದಿನ ಮೈಮೇಲಿನ ಕೋಳಿಪುಕ್ಕ ಕೊಡವಿಕೊಳ್ಳುತ್ತ ಹಮ್ಮ ಶಿರಸ್ತ್ರಾಣದ ಮುಂದೆ ಕುಕ್ಕರಗಾಲಲ್ಲಿ ಕೂತ. ದನಿ ಮೆತ್ತಗಾಗಿತ್ತು.

“ನಾ ಅಂದದ್ದು ತಪ್ಪಾತು. ನೀ ಎಲ್ಲಿಗೂ ಹೋಗೂದು ಬೇಡ. ಮಗು ಹುಟ್ಲಿ, ಹೆಸರಿಡೂದಾಗ್ಲಿ, ಅಲ್ಲೀವರೆಗೆ ನೀ ಇಲ್ಲೇ. ಕಡಲಿನಾಣೆ! ಇದರೊಳಗೆ ಇರೂ ಮುಖದಂಥ ಲಕ್ಷಣದ ಮುಖ ನಾ ಹುಟ್ಟಿದ ಮೇಲೆ ಕಂಡಿಲ್ಲ.”

ಶಿರಸ್ತ್ರಾಣ ನಾಚಿದಂತೆ ತಲೆ ತಗ್ಗಿಸಿತು.

ಆಗ ಕೋಣೆಯ ಬಾಗಿಲು ತೆರೆಯಿತು. ಕೆದರಿದ ಕೂದಲಿನ ಲೋಕೇಶ ಲುಂಗಿ ಬಿಗಿದುಕೊಳ್ಳುತ್ತ ಹೊರಬಂದು, ಅರೆಗಣ್ಣಲ್ಲೇ ಶಿರಸ್ತ್ರಾಣದತ್ತ ಬಗ್ಗಿ ಕೇಳಿದ:

“ಅತ್ತೆ, ಚಾ ಆತಾ?”